ಸೋರಿಕೆ: ನಮ್ಮದಲ್ಲ

ನನ್ನ ಕೈಯಾಗಿನ ಚಾವಿ ಮನೀದಲ್ಲ, ತಿಜೋರಿದಲ್ಲ.
ಎದಿಮಟ ಉದ್ದ, ತುದಿಗೆ ಚೌಕ ಬಾಯಿ,
ಹಿಡಿಕಿ ಸವದು ಸವದು ನನ್ನ ಅಂಗೈ ಆಗ್ಯದ.
ಜೋರಾಪುರ ಪೇಟಿಗೆ ಹದಿನಾಲ್ಕು ಸುತ್ತು,
ನವಬಾಗಕ್ಕ ಹನ್ನೊಂದೂವರಿ. ಆ ಅರ್ಧ ಮರತರ
ಕಡೀ ಓಣಿಗೆ ಗಾಳಿ ಬರತದ, ನೀರಲ್ಲ.

ಎಂಟು ದಿನಕ್ಕೊಮ್ಮೆ ನೀರು ಬಿಡೋ ಊರಾಗ
ನನ್ನ ನಂಬರ್ ಅಡಗಿಮನಿ ಗ್ವಾಡಿ ಮ್ಯಾಲ ಇರತದ,
ಇದ್ದಲಿಲೆ ಬರದದ್ದು.
ಮದಿವಿ ತಾರೀಖು ಹಿಡಿಯೂ ಮೊದಲ
"ಗೈಬುಸಾಬ, ಹದಿನೆಂಟಕ್ಕ ನಮ್ಮ ಪಾಳಿ ಬರತದೇನು?"
ಪಂಚಾಂಗ ಆಮೇಲೆ.

ಹಗಲಿ ಊರು ಭಾಳ ಮಾತಾಡತದ.
ಸೋರಿಕಿ ಹಿಡಿಯೂದು ರಾತ್ರಿ, ಎರಡರ ಮ್ಯಾಲ,
ನಾಯಿ ಸುದ್ದಾ ಸುಮ್ಮನಾದಾಗ.
ಕಬ್ಬಿಣದ ಸರಳ ಡಾಂಬರಿಗೆ ಊರಿ
ಇನ್ನೊಂದು ತುದಿ ಕಿವಿಗೆ.
ಗುಮ್ಮಟದಾಗ ಒಮ್ಮೆ ಕೂಗಿದರ ಏಳು ಸಲ ಕೇಳತದ ಅಂತ
ಟಿಕೇಟ ತಗಿಸಿ ಹೋಗತಾರ ಮಂದಿ.
ನಾ ಕೇಳೂದು ಕೂಗಲಾರದ್ದು.
ಒಡದ ಪೈಪಿನ ದನಿ ಹೆಂಗಂದರ,
ಕೂಸು ನಿದ್ದಿಗಣ್ಣಾಗ ಮಲಿ ಚೀಪಿದಂಗ,
ಇಲ್ಲಾ, ದೂರದ ಓಣ್ಯಾಗ ಯಾರೋ ಜ್ವಾಳ ಕೇರಿದಂಗ.

ಹೋದ ತಿಂಗಳ ಶಹಾಪೇಟಿ ತಿರುವಿನಾಗ
ರಸ್ತಾ ಮುಂಜಾನಿ ಮುಂಜಾನಿ ಬೆವರತಿತ್ತು.
ಜೈನಾಬಿ ಬಂದಳು: "ನಿಮ್ಮ ನೀರು ಹರದು ಹೊಂಟದ,
ನಮ್ಮ ಕೊಡ ಒಣಗ್ಯಾವ."
ಮೂರು ಅರ್ಜಿ, ಒಂದು ಫೋಟೋ,
ಕಾರ್ಪೋರೇಟರಂದು ಒಂದು ಬೈಗಳ.
ಸರಳ ಊರಿ ಕೇಳಿದೆ. ದನಿ ಇತ್ತು,
ಆದರ ನಮ್ಮ ಪೈಪಿನ ಭಾಷಾ ಅಲ್ಲ.
ಆ ವಾಲ್ವ್ ಬಂದ್ ಇತ್ತು, ಆರು ದಿನದಿಂದ.

ಧೂಳಪ್ಪ ಜೆಸಿಬಿ ತಂದ. ಡಾಂಬರ,
ಅದರ ಕೆಳಗ ಡಾಂಬರ,
ಅದರ ಕೆಳಗ ಹಿಂದಿನ ಟೆಂಡರಿನ ಡಾಂಬರ,
ಟೆಲಿಫೋನಿನ ಸತ್ತ ಕೇಬಲ್, ಯಾರದೋ ಎಡಗಾಲ ಚಪ್ಪಲಿ.
ನಮ್ಮ ಆರಿಂಚಿನ ಪೈಪು ಒಣಾ ಒಣಾ,
ತಪ್ಪೇ ಮಾಡದವರಂಗ ಮಲಗಿತ್ತು.
"ಇನ್ನೊಂದು ಮೊಳ," ಅಂದೆ. "ಮಶಿನ್ ಬ್ಯಾಡ."
ಸಲಿಕಿ, ಆಮೇಲೆ ಉಗುರು.
ಗಚ್ಚು. ಗಚ್ಚಿನಾಗ ಮಣ್ಣಿನ ಕೊಳವಿ,
ಒಂದರ ಬಾಯಾಗ ಒಂದು ಮೂತಿ ಇಟ್ಟುಕೊಂಡು,
ಯಾವ ಕಾಲದ್ದೋ.
ಒಂದರ ಮೈ ಸೀಳಿತ್ತು. ಅಲ್ಲಿಂದ ನೀರು,
ದಾರದಷ್ಟು, ಅವಸರಿಲ್ಲದ್ದು.

ಹಳ್ಳೂರ ಮೇಡಮ್ ಜೀಪಿನ ಮೂತಿ ಮ್ಯಾಲ ನಕ್ಷೆ ಹಾಸಿದರು.
ನಕ್ಷೆದಾಗ ಅಲ್ಲಿ ಬರೇ ಕಾಗದ.
"ಎಲ್ಲಿಂದ ಬರತದ ಇದು?"
ಬೇಗಂ ತಲಾಬ ಅಂದ ಒಬ್ಬ, ಯಾವುದೋ ಬಾವಡಿ ಅಂದ ಇನ್ನೊಬ್ಬ.
ಜೈನಾಬಿ: "ಎಲ್ಲಿಂದರ ಬರಲಿ. ಬಿಲ್ ಕಳಸಂಗಿಲ್ಲಲ್ಲ."

ನಾ ಬೊಗಸಿ ಒಡ್ಡಿ ಕುಡದೆ.
ಪರೀಕ್ಷಾ ಆಗದ ನೀರು, ಸಾಹೇಬರ ಮುಂದ ಕುಡೀಬಾರದಿತ್ತು.
ಇದನ್ನ ಜೋಡಿಸಿದವ ನನ್ನಂಗ ಇಲ್ಲೇ ಮೊಣಕಾಲ ಊರಿರಬೇಕು,
ಸಂದಿಗೆ ಗಚ್ಚು ತಿಕ್ಕಿ, ಬೆರಳಲೆ ಸುತ್ತೂ ಒರಸಿರಬೇಕು.
ಗೀರು ಇನ್ನಾ ಅದಾವ.
ನನ್ನ ಬೆರಳು ಇಟ್ಟು ನೋಡಿದೆ. ಅವಂದು ಚೂರು ದಪ್ಪ.

"ಸಿಮೆಂಟ್ ಸುರದು ಮುಚ್ಚಿಬಿಡ್ರಿ," ಅಂದವರೂ ಇದ್ದರು.
ಮೇಡಮ್ ನನ್ನ ಮುಖ ನೋಡಿದರು. ನಾ ಸುಮ್ಮನಿದ್ದೆ.
ಸುಮ್ಮನಿರೂದು ನನಗ ರೂಢಿ, ನನ್ನ ಕೆಲಸಾನ ಅದು.
ಸಂಜಿಕ ಸುಣ್ಣ ತಂದೆ, ಉಸುಕು, ಒಂದು ಹೆಂಟಿ ಬೆಲ್ಲ.
ಬಿಲ್ಲಿನಾಗ ಬೆಲ್ಲಕ್ಕ ಕಾಲಂ ಇಲ್ಲ, ಕೈಯಿಂದ ಕೊಟ್ಟೆ.
ಧೂಳಪ್ಪ ಮೊಬೈಲ್ ಬೆಳಕು ಹಿಡದ.
ಸೀಳಿಗೆ ಬಟ್ಟಿ ಸುತ್ತಿ ಗಚ್ಚು ಮೆತ್ತಿದೆ,
ಅವನ ಗೀರು ಉಳಿಸಿ, ಬಾಜೂಕ ನಂದು.

ರಿಜಿಸ್ಟರಿನಾಗ ಮೇಡಮ್ ಬರದರು:
ಸೋರಿಕೆ: ನಮ್ಮದಲ್ಲ.
ದುರಸ್ತಿ: ನಾವು.

ಕುಣಿಗೆ ಮಣ್ಣು ತುಂಬೀವಿ. ಡಾಂಬರ ಇನ್ನಾ ಆಗಿಲ್ಲ,
ಟೆಂಡರ್ ಬರಬೇಕು.
ಬೈಕಿನವರು ಬೈಕೋತ ಹೊಳ್ಳತಾರ. ಹೊಳ್ಳಲಿ.