ಎಂದರೆ ಸರಿಯಲ್ಲ

ಕಲಬುರಗಿ ಕೋರ್ಟಿನ ಬೇವಿನ ಬುಡದಲ್ಲಿ
ಸಾಬಮ್ಮನಿಗೆ ಇದು ಒಂಬತ್ತನೇ ತಾರೀಖು.
ಆರೋಪಿಗೆ ಬೆಂಚು ಸಿಕ್ಕಿದೆ, ಚಹಾನೂ ಬಂದಿದೆ.
ಅವಳ ಉಡಿಯಲ್ಲಿ ಒಂದು ರೊಟ್ಟಿ, ಶೇಂಗಾ ಹಿಂಡಿ,
ವಾಪಸು ಬಸ್ಸಿನ ಚಿಲ್ಲರೆ.

ದಾಲ್ ಮಿಲ್ಲಿನ ರಾತ್ರಿ ಪಾಳಿ ಮುಗಿಸಿ
ತೊಗರಿ ಧೂಳು ಮೆತ್ತಿಕೊಂಡೇ ಬರುವಾಗ
ವಾರದ ಪಗಾರ ಹೋಯಿತು,
ಕಲ್ಲೇಟಿಗೆ ಎಡಗಣ್ಣು ಹೋಯಿತು.
ಓಣಿ ಕೇಳಿದ್ದು ಒಂದೇ:
"ಅಷ್ಟೊತ್ತಿನಾಗ ಅಲ್ಲ್ಯಾಕ ಹೋಗಿದ್ದಿ?"
ಮಿಲ್ಲಿನ ಮುಕಾದಮ ಮಾತ್ರ ಏನೂ ಕೇಳಲಿಲ್ಲ;
ಅವಳ ಜಾಗಕ್ಕೆ ಬೇರೆಯವಳನ್ನು ಕರೆದ.

ಕೂಗು ಬಂತು, ಮೂರು ಸಲ.
"ಒಂದೇ ಕಣ್ಣಿಲೆ, ಕತ್ತಲದಾಗ,
ಹ್ಯಾಂಗ ಗುರುತು ಹಿಡದಿ?"
ಕರಿಕೋಟು ನಕ್ಕಿತು.
"ಆಗ ಎರಡೂ ಇದ್ವುರೀ ಸಾಹೇಬ್ರ."
ಪಂಖದ ಸಪ್ಪಳ ಒಂದು ಗಳಿಗೆ ಜೋರಾಯಿತು.

ಹದಿನೈದು ದಿನಕ್ಕೆ ಸಿಕ್ಕ ನಕಲನ್ನು
ಝೆರಾಕ್ಸ್ ಅಂಗಡಿಯ ಹುಡುಗಿ ಓದಿ ಹೇಳಿದಳು:
ನಾನು ಕುಡಿದಿದ್ದೆ ಎಂದರೆ ಸರಿಯಲ್ಲ.
ನಾನು ಎಡವಿ ಬಿದ್ದು ಕಣ್ಣು ಕಳೆದುಕೊಂಡೆ ಎಂದರೆ ಸರಿಯಲ್ಲ.
ನಾನು ಪರಿಹಾರದ ಆಸೆಗೆ
ಸುಳ್ಳು ಸಾಕ್ಷಿ ನುಡಿಯುತ್ತಿದ್ದೇನೆ ಎಂದರೆ ಸರಿಯಲ್ಲ.

"ಇದನ್ನೆಲ್ಲ ಯಾರು ಅಂದಾರವ್ವಾ?"
"ನೀವೇ. 'ನಾನು' ಅಂತ ಬರದಾರಲ್ಲ.
ಕೆಳಗ ನಿಮ್ಮ ಹೆಬ್ಬಟ್ಟು ಅದ."

"ಮತ್ತ, ಎರಡೂ ಇದ್ವು ಅಂದದ್ದು?"

ಹುಡುಗಿ ಹಾಳೆ ತಿರುವಿದಳು,
ಮತ್ತೊಮ್ಮೆ ತಿರುವಿದಳು.
ಹಿಂದೆ ಯಾರೋ ಆಧಾರ್ ಕಾರ್ಡು ಹಿಡಿದು
"ಜಲ್ದಿ ಮಾಡ್ರೀ" ಅಂದರು.

ಸಾಬಮ್ಮ ಹೆಬ್ಬೆರಳನ್ನು ಸೆರಗಿಗೆ ಒರೆಸಿಕೊಂಡಳು.
ಮಸಿ ಹೋಗಿ ಆಗಲೇ ಎರಡು ವಾರ.
ಒರೆಸಿದಳು.