ಪಶ್ಚಿಮಕ್ಕೆ ಸಮುದ್ರ

ಕಾರವಾರದ ಮುನ್ಸೀಫ್ ಕೋರ್ಟಿನಲ್ಲಿ ನಾನು ಬೆರಳಚ್ಚುಗಾರ.
ಕಡಲಗಾಳಿಗೆ ಕಬ್ಬಿಣ ಹೆಚ್ಚು ದಿನ ತಡೆಯುವುದಿಲ್ಲ.
ನನ್ನ ಯಂತ್ರದಲ್ಲಿ ಮೊದಲು ಸತ್ತದ್ದು 'ಸ'.
ಸರಕಾರ ಹೋಗಿ ರಕಾರ ಆಯಿತು, ಸಹಿ ಹೋಗಿ ಹಿ.
ಸತ್ಯ ಎಂದು ಕುಟ್ಟಿದರೆ ಕಾಗದದ ಮೇಲೆ ತ್ಯ.
ಹೊಸ ಯಂತ್ರಕ್ಕೆ ಶಿರಸ್ತೇದಾರರು ಬರೆದರು;
ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು.
ಸಂಜೆ ಕೂತು ಎಲ್ಲ ಸಗಳನ್ನೂ
ಪೆನ್ನಿನಿಂದ ತುಂಬುತ್ತಿದ್ದೆ.

ಆ ವರ್ಷ ಹಳೆಯ ಕಟ್ಟೊಂದು ಮತ್ತೆ ಮೇಜಿಗೆ ಬಂತು.
ಮೂಲದಾವೆ ನಲವತ್ತೇಳು, ಎಪ್ಪತ್ತೊಂಬತ್ತನೆಯ ಇಸವಿ.
ವಾದಿ, ಶೇವಂತಿ ಕೋಂ ವಿಠೋಬ ತಾಂಡೇಲ.
ಪ್ರತಿವಾದಿ, ಪುರ್ಸು ಬಿನ್ ಸೋಮಾ ತಾಂಡೇಲ.
ಸ್ವತ್ತು, ಮೀನು ಒಣಹಾಕುವ ಮೂರು ಗುಂಟೆ ಮರಳು.
ಚಕ್ಕುಬಂದಿ: ಪೂರ್ವಕ್ಕೆ ಗಾಡಿದಾರಿ,
ಉತ್ತರಕ್ಕೆ ಪ್ರತಿವಾದಿಯ ದೋಣಿಚಪ್ಪರ,
ದಕ್ಷಿಣಕ್ಕೆ ವಾದಿಯ ಸುರಹೊನ್ನೆ ಮರ,
ಪಶ್ಚಿಮಕ್ಕೆ ಸಮುದ್ರ.

ಹತ್ತೊಂಬತ್ತು ವರ್ಷ ಇಬ್ಬರೂ ಮಾಜಾಳಿಯಿಂದ
ಒಂದೇ ಬಸ್ಸಿಗೆ ಬಂದರು. ಚಿಲ್ಲರೆ ಇದ್ದವರು
ಇಬ್ಬರ ಟಿಕೇಟೂ ತೆಗೆಯುತ್ತಿದ್ದರು.
ಕೋರ್ಟಿನ ಮೆಟ್ಟಿಲ ಹತ್ತಿರ ಮಾತು ಬಿಡುತ್ತಿದ್ದರು,
ಚಪ್ಪಲಿ ಬಿಟ್ಟ ಹಾಗೆ.
ಐವರು ನ್ಯಾಯಾಧೀಶರು ಕಟ್ಟು ಬಿಚ್ಚಿದರು, ಕಟ್ಟಿದರು.
ವಾದ ಪೂರ್ತಿ ಕೇಳಿ ಮುಗಿಸಿದ ವಾರವೇ
ಒಬ್ಬರಿಗೆ ವರ್ಗ. ಮತ್ತೆ ಮೊದಲಿಂದ.

ವೈಜಿನಾಥ ಸಾಹೇಬರು ಹುಮನಾಬಾದಿನ ಕಡೆಯವರು.
ಕಡಲು ಕಂಡದ್ದೇ ಇಲ್ಲಿಗೆ ಬಂದ ಮೇಲೆ.
ಕಡತ ಮುಚ್ಚಿ, ಯಾರನ್ನೂ ನೋಡದೆ ಕೇಳಿದರು:
"ಈ ನಾಲ್ಕನೆಯ ಗಡಿ, ಯಾವ ಹೊತ್ತಿನದು?"
ವಕೀಲರಿಬ್ಬರೂ ಎದ್ದರು.
ಇಬ್ಬರೂ ಕೂತರು.

ಸ್ಥಳ ನೋಡಲು ಹೋದದ್ದು ಒಂದು ಶನಿವಾರ, ಹನ್ನೆರಡಕ್ಕೆ.
ಸರ್ವೆಯವನ ಸರಪಳಿ ಅರ್ಧದಲ್ಲೇ ನೀರಿಗಿಳಿಯಿತು.
ಕಲ್ಲೆಲ್ಲಿ ಎಂದರೆ ಶೇವಂತಿ ಅಲೆಯ ಕಡೆ ಕೈ ತೋರಿದಳು:
"ಅಲ್ಲೇ ಅದೆ. ನೀರು ಇಳೀಲಿ. ನಿಲ್ಲಿ ಸಾಯ್ಬರೆ."

ಊರನ್ನೆಲ್ಲ ಕಾಯಿಸುವ ಕೋರ್ಟು
ಅವತ್ತು ಕಾಯಿತು.
ಶೇವಂತಿ ಚೊಂಬಿನಲ್ಲಿ ನೀರು, ಮೇಲೊಂದು ಬೆಲ್ಲದ ಚೂರು ತಂದಳು.
ಸಾಹೇಬರು ತಲೆ ಅಲ್ಲಾಡಿಸಿದರು.
ಪುರ್ಸು ಎಳನೀರು ಕೆತ್ತಿದ. ಅದಕ್ಕೂ ತಲೆ ಅಲ್ಲಾಡಿಸಿದರು.
ಚಪ್ಪರದ ನೆರಳು ಪ್ರತಿವಾದಿಯದು,
ಮರದ ನೆರಳು ವಾದಿಯದು;
ಕರಿಕೋಟು ತೋಳಿನ ಮೇಲೆ ಹಾಕಿಕೊಂಡು
ಗಾಡಿದಾರಿಯ ನಡುವೆ
ಯಾರದೂ ಅಲ್ಲದ ಬಿಸಿಲಲ್ಲಿ ನಿಂತರು.
ನೀರನ್ನೂ ಎಳನೀರನ್ನೂ ನಾನು ಕುಡಿದೆ.

ಮೂರು ನಲವತ್ತಕ್ಕೆ ಕಲ್ಲು ತಲೆ ಎತ್ತಿತು,
ಮೈತುಂಬ ಚಿಪ್ಪು ಕಚ್ಚಿಕೊಂಡು.
ಮೊದಲು ಇಳಿದವನು ಪುರ್ಸು. ಕತ್ತಿಯಿಂದ ಚಿಪ್ಪು ಕೆರೆದು,
"ಹೌದು, ಇದೇ," ಅಂದ.
ಅವನ ವಕೀಲರು ದಡದಲ್ಲಿ ಕೆಮ್ಮಿದರು.
ಸಾಹೇಬರು ಪ್ಯಾಂಟು ಮಡಚಿ ಮೊಣಕಾಲು ನೀರಿಗೆ ಹೋಗಿ
ಅಂಕಿಯನ್ನು ಬೆರಳಿನಿಂದ ಓದಿದರು,
ಕಣ್ಣಿಲ್ಲದವರು ಓದುವ ಹಾಗೆ.

ಇಪ್ಪತ್ತು ದಿನಕ್ಕೆ ತೀರ್ಪು.
ಮೂರೂ ಗುಂಟೆ ಶೇವಂತಿಯದು,
ಎರಡೂಕಾಲು ನೀರಿನಡಿ.
"ಕಡಲಿನ ಮೇಲೆ ಈ ನ್ಯಾಯಾಲಯಕ್ಕೆ," ಎಂದು ಹೇಳಹೊರಟು ನಿಂತರು.
"ಬೇಡ, ಹೊಡೆದುಹಾಕು. ಹೀಗೆ ಬರಿ:
ಪಶ್ಚಿಮಕ್ಕೆ ಸಮುದ್ರ, ಪರಿಶೀಲನೆಯ ದಿನ
ಮಧ್ಯಾಹ್ನ ಮೂರು ನಲವತ್ತಕ್ಕೆ ಇದ್ದಂತೆ."

ಸಂಜೆ ಎಲ್ಲ ಸ ತುಂಬಿದೆ. ಒಂದನ್ನು ಬಿಟ್ಟೆ.
ಪಶ್ಚಿಮಕ್ಕೆ ಮುದ್ರ.
ಸಾಹೇಬರು ನಗಲಿಲ್ಲ, ಬೈಯಲೂ ಇಲ್ಲ.
ನೀಲಿ ಮಸಿಯಲ್ಲಿ ಒಂದು ಸ ಬರೆದು
ಪಕ್ಕಕ್ಕೆ ಪುಟ್ಟ ಸಹಿ ಹಾಕಿದರು,
ತಿದ್ದಿದವರು ಯಾರೆಂದು
ಮುಂದೆ ಯಾರಾದರೂ ಕೇಳಿದರೆ ಇರಲಿ ಎಂದು.

ನಕಲಿಗೆ ಶೇವಂತಿ ಬಂದಾಗ ಸಾಹೇಬರಿಗೆ ವರ್ಗವಾಗಿತ್ತು.
ಸ್ಟಾಂಪಿಗೆ ಕಮ್ಮಿ ಬಿದ್ದ ಎಂಟಾಣೆ ಪುರ್ಸು ಕೊಟ್ಟ.
ಓದಿ ಹೇಳು ಅಂದಳು, ಓದಿದೆ. ಗಡಿ ಬಂದಾಗ ಕಣ್ಣು ಮುಚ್ಚಿ ಕೇಳಿದಳು.
"ಸಾಯ್ಬರು ಬಿಸ್ಲಲ್ಲಿ ನಿಂತದ್ದು
ಬರ್ದದ್ಯಾ ಇದ್ರಲ್ಲಿ?"
ಅದಕ್ಕೆ ಕಾಲಂ ಇಲ್ಲ, ಅಂದೆ.
ಕಾಗದ ಮಡಚಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದಳು.
ಹೊರಗೆ ಪುರ್ಸು
ಮಾಜಾಳಿ ಬಸ್ಸು ಎಷ್ಟೊತ್ತಿಗೆ ಎಂದು ಕೇಳುತ್ತಿದ್ದ.