ಏಳನೆಯ ಕಂಬ

ಜಿಂದೇರಿನ ಹಳೇ ಕೇರಿಯಲ್ಲಿ ಮೊದಲು ಬಂದದ್ದು ಬಂಡೆ,
ಆಮೇಲೆ ಮನೆಗಳು, ಬಂಡೆಯ ಸಂದಿಗೆ ಒರಗಿಕೊಂಡು.
ಕಂಬಗಳು ಮೊನ್ನೆ ಮೊನ್ನೆ ಬಂದವು,
ಲಾರಿಯಲ್ಲಿ ಮಲಗಿ, ಹಗ್ಗ ಬಿಗಿಸಿಕೊಂಡು,
ಒಂದೊಂದರ ನೆತ್ತಿಗೂ ಒಂದು ಕಪ್ಪು ಹಲಗೆ.
ಹುಡುಗರು ಸುತ್ತಿ ಸುತ್ತಿ ಹುಡುಕಿದರು,
ತಂತಿ ಎಲ್ಲಿ, ತಂತಿ ಎಲ್ಲಿ ಎಂದು.

ಏಳನೆಯದನ್ನು ನೆಟ್ಟದ್ದು ನನ್ನ ಹೊಲಿಗೆ ಯಂತ್ರಕ್ಕೂ
ಚಿಮಾಳ ಬಾಣಲೆಗೂ ನಡುವೆ.
ನಡುವೆ ಅಂದದ್ದು ಸುಳ್ಳು; ಅವಳ ಕಡೆಗೇ ಎರಡು ಮಾರು ಹತ್ತಿರ.
ನಾನು ಜಗಳವಾಡುತ್ತಿದ್ದಂತೆ ಸಿಮೆಂಟು ಒಣಗಿತು.

ಹಗಲೆಲ್ಲ ಬಿಸಿಲು ಕುಡಿದು
ಮಗ್ರಿಬಿನ ಬಾಂಗು ಮುಗಿದದ್ದೇ
ಯಾರೂ ಮುಟ್ಟದೆ ಹತ್ತಿಕೊಳ್ಳುತ್ತಿತ್ತು.
ಹುಳ ಬಂದವು. ಹುಳದ ಹಿಂದೆ ಹಲ್ಲಿ,
ಹಲ್ಲಿಯ ಹಿಂದೆ ಮಕ್ಕಳು,
ಮಕ್ಕಳ ಹಿಂದೆ ಬೈಗುಳದ ಸಮೇತ ತಾಯಂದಿರು,
ಎಲ್ಲರ ಹಿಂದೆ ಹಸಿವು.
ಚಿಮಾ ಅಲಸಂದೆ ಹಿಟ್ಟು ಇಮ್ಮಡಿ ಕಲಸಿದಳು.

ಆ ಬೆಳಕಲ್ಲಿ ಅವಳಿಗೆ ಮೊದಲು ಕಂಡದ್ದು ನಾಣ್ಯ.
ಇಷ್ಟು ವರ್ಷ ಕತ್ತಲಲ್ಲಿ ಯಾರೋ
ಸವೆದು ಸವೆದು ಮುಖ ಹೋದವನ್ನು ದಾಟಿಸುತ್ತಿದ್ದರು,
ಅಂಗಡಿಯವನು ಬೇಡವೆಂದು ತಳ್ಳಿದ್ದನ್ನು.
ಈಗ ಒಂದೊಂದನ್ನೂ ಎತ್ತಿ ಹಿಡಿದು ನೋಡುತ್ತಾಳೆ,
ಆಮೇಲೆ ಕೊಟ್ಟವನ ಮುಖ ನೋಡುತ್ತಾಳೆ.
ನಾನು ಅವಳ ಕೋಸೈ ತಿನ್ನುವುದು ಬಿಟ್ಟೆ.
ಹೊಟ್ಟೆ ಸರಿಯಿಲ್ಲ ಅಂದೆ.

ಹರ್ಮಟ್ಟಾನ್ ಬೀಸಿತು. ಮರುಭೂಮಿಯೇ ಎದ್ದು ಬಂದು
ಊರಿನ ಮೇಲೆ ಕೂತಿತು:
ಹಾಲಲ್ಲಿ ಧೂಳು, ಸೂಜಿಯ ಕಣ್ಣಲ್ಲಿ ಧೂಳು,
ಹಲಗೆಗೆ ಕಂಬಳಿ ಹೊದಿಸಿದಂತೆ ಧೂಳು.
ದೀಪ ಹತ್ತಕ್ಕೆ ಆರಿತು, ಆಮೇಲೆ ಒಂಬತ್ತಕ್ಕೆ,
ಆಮೇಲೆ ಮುದುಕರ ಹಾಗೆ ಊಟಕ್ಕೂ ಮೊದಲೇ ಮಂಪರು.
ಪುರಸಭೆಯವರು ಕಂಪನಿಯ ಕಡೆ ಕೈ ತೋರಿಸಿದರು.
ಕಂಪನಿಯ ಹೆಸರು ಕಂಬದ ಮೇಲೇ ಇತ್ತು,
ಬಿಸಿಲು ತಿಂದು ಎರಡಕ್ಷರ ಉಳಿಸಿತ್ತು.

ಒಂದು ಬೆಳಿಗ್ಗೆ ಚಿಮಾ,
ತೀರಿಹೋದ ಗಂಡನ ನೀಲಿ ರುಮಾಲನ್ನು
ಸೂರಿನ ಗಳುವಿಗೆ ಕಟ್ಟಿಕೊಂಡು ಬಂದಳು.
ಎಟುಕಲಿಲ್ಲ. ನನ್ನ ಬಾಗಿಲಿಗೆ ಬಂದು ಅಂದಳು:
"ನಿನ್ನ ಅಳತೆಗೋಲು ಕೊಡು."
ಅಷ್ಟು ವರ್ಷ ಊರಿನ ತೋಳು, ಸೊಂಟ ಅಳೆದ ಕೋಲನ್ನು
ಗಳುವಿನ ತುದಿಗೆ ಬಿಗಿದೆ.
ನೀರಿನ ಗಾಡಿಯ ಲಾವಾಲಿ ಅರ್ಧ ಡಬ್ಬಿ ಕೊಟ್ಟ,
ಸಾಲಕ್ಕೆ. ಅವನು ಯಾವಾಗಲೂ ಅರ್ಧ ಕೊಡುವವನೇ.
ನಾನು ಕಂಬ ತಬ್ಬಿ ನಿಂತೆ, ಅವಳು ನನ್ನ ಸ್ಟೂಲು ಹತ್ತಿದಳು,
ಕೆಸರು ನನ್ನ ಕತ್ತಿನಿಂದ ಬೆನ್ನಿಗಿಳಿಯಿತು.
ಮಕ್ಕಳು ನಕ್ಕರು. ಅವಳು ನಗಲಿಲ್ಲ.

ಆ ರಾತ್ರಿ ದೀಪ ನನಗಿಂತ ಹೆಚ್ಚು ಹೊತ್ತು ಎಚ್ಚರವಿತ್ತು.

ಮಾರನೆಯ ಸಂಜೆ ಹೋದೆ, ಹೊಳೆಯುವ ನಾಣ್ಯ ಹಿಡಿದು.
ಎತ್ತಿ ನೋಡಿದಳು. ಸರಿಯಿದೆ ಅಂದಳು.
ಕೋಸೈ ಪೊಟ್ಟಣದ ಜೊತೆ ಸೆರಗಿನ ಗಂಟು ಬಿಚ್ಚಿ
ಮುಖವಿಲ್ಲದವನ್ನೆಲ್ಲ ನನ್ನ ಅಂಗೈಗೆ ಸುರಿದಳು.
"ಗುಂಡಿ ಮಾಡಿಕೋ, ದರ್ಜಿಯಲ್ಲವೆ."

ಹದಿನಾಲ್ಕು ಇದ್ದವು.
ನನ್ನವು ಹನ್ನೊಂದೇ;
ಆದರೆ ಅಷ್ಟು ಬೆಳಕಿನಲ್ಲಿ ನಿಂತು
ಅದನ್ನು ಹೇಳುವುದು ಹೇಗೆ?